ತಾಳಜಾತಿಯ ಮರಗಳ ಹಳೆಯ ಚಿತ್ರಗಳೂ ಅವುಗಳ ಕೈಪ್ರತಿಗಳೂ

ಲೋಧಿ ಕಾಲೋನಿಯ ಕಮಾನುಗಳ ನಡುವೆ ಬಾಳುವ ನಮಗೆ ಚಿತ್ರಗಳು ಅಪರೂಪವಲ್ಲ. 1940ರ ದಶಕದಲ್ಲಿ ಸರ್ಕಾರಿ ನೌಕರರ ವಾಸಕ್ಕೆಂದು ಕಟ್ಟಿಸಿದ ಈ ಬಡಾವಣೆಯ ಎತ್ತರದ ಗೋಡೆಗಳ ಮೇಲೆ 2015–16ರಿಂದೀಚೆಗೆ ದೇಶವಿದೇಶಗಳ ಕಲಾವಿದರು ದೊಡ್ಡ ದೊಡ್ಡ ಚಿತ್ರಗಳನ್ನು ಬರೆದಿದ್ದಾರೆ. ರಜಾದಿನಗಳಲ್ಲಿ ಅವನ್ನು ನೋಡಲು ಬರುವವರ ಗುಂಪನ್ನು ದಾಟಿಕೊಂಡೇ ನಾವು ತರಕಾರಿ ತರಬೇಕು. ಆದರೆ ಈ ಲೇಖನದ ವಿಷಯ ಗೋಡೆಯ ಹೊರಮೈಯ ಚಿತ್ರವಲ್ಲ. ಒಳಮೈಯಲ್ಲಿ ಮೊಳೆಗೆ ತೂಗುಹಾಕಿದ ಒಂದು ಸಣ್ಣ ಚಿತ್ರ.

ಮೂರು ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ಚೌಕಟ್ಟು ಹಾಕಿದ ಆ ಚಿತ್ರವನ್ನು ಕೊಂಡೆ. ಹಳೆಯ ಸಸ್ಯಗ್ರಂಥದ ಫಲಕವೊಂದನ್ನು ಮುಂದಿಟ್ಟುಕೊಂಡು ಯಾರೋ ಕೈಯಿಂದ ಬರೆದು ಬಣ್ಣ ತುಂಬಿದ ಪ್ರತಿ ಅದು. ಕೆಳಗೆ ‘ಅರೇಕಾ ಕೆಟೆಚು’ ಎಂಬ ಲ್ಯಾಟಿನ್ ಹೆಸರು. ಎಂದರೆ ನಮ್ಮ ಅಡಿಕೆ. ತೀರ್ಥಹಳ್ಳಿ ಸೀಮೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದು, ಈ ಇಳಿವಯಸ್ಸಿನಲ್ಲಿ ನಮ್ಮೊಡನೆ ದೆಹಲಿಯಲ್ಲಿ ಕಾಲ ಕಳೆಯುತ್ತಿರುವ ತಾಯಿಯವರಿಗೆ ಸಂತೋಷವಾಗಲೆಂದು ಅವರ ಮಂಚದ ಎದುರಿಗೇ ತೂಗುಹಾಕಿದೆ. ಅವರಿಗೆ ಎರಡು ಕಣ್ಣುಗಳಲ್ಲೂ ಪೊರೆ ಬೆಳೆದಿತ್ತು. ‘ಚೆನ್ನಾಗಿದೆ, ಅಡಿಕೆ ಮರದ ಹಾಗೆಯೇ ಇದೆ’ ಎಂದರು.

ಆ ವರ್ಷದ ಚಳಿಗಾಲದಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಕಟ್ಟು ಬಿಚ್ಚಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಕುಳಿತಿದ್ದವರು, ‘ಇದು ಅಡಿಕೆಯೇ ಅಲ್ಲ’ ಎಂದುಬಿಟ್ಟರು. ‘ಗೊನೆ ಎಲೆಗಳ ನಡುವೆ ಕೂತಿದೆಯಲ್ಲ! ಹಾಳೆ ಬೀಳದೆ ಹಿಂಗಾರ ಎಲ್ಲಿಂದ ಬಂತು?’

ಅವರ ಮಾತು ನೂರಕ್ಕೆ ನೂರು ಸರಿ. ತೆಂಗಿನಲ್ಲಿ ಹೊಂಬಾಳೆ ಎಲೆಗಳ ಕಂಕುಳಲ್ಲಿಯೇ ಒಡೆದು, ಕಾಯಿಗೊನೆ ಎಲೆಗಳ ನಡುವೆಯೇ ತೂಗುತ್ತದೆ. ಅಡಿಕೆಯ ವಿಧಾನ ಬೇರೆ. ಅದರ ಎಲೆಯ ಬುಡವು ಕೊಳವೆಯಂತೆ ಕಾಂಡದ ತುದಿಯನ್ನು ಸುತ್ತಿಕೊಂಡಿರುತ್ತದೆ. ಇದೇ ಹಾಳೆ. ಹಾಳೆಗಳು ಒಂದರೊಳಗೊಂದು ಸೇರಿ ಮರದ ತಲೆಯ ಕೆಳಗೆ ನುಣುಪಾದ ಹಸಿರು ಕಂಬವೊಂದನ್ನು ರಚಿಸುತ್ತವೆ. ತೀರ ಹೊರಗಿನ ಹಾಳೆ ಒಣಗಿ ಕಳಚಿ ಬಿದ್ದಾಗ, ಅದುವರೆಗೆ ಅದರ ಮರೆಯಲ್ಲಿ ಅಡಗಿದ್ದ ಹಿಂಗಾರ ಬಯಲಿಗೆ ಬರುತ್ತದೆ. ಆದ್ದರಿಂದ ಅಡಿಕೆಯ ಗೊನೆ ಯಾವಾಗಲೂ ಹಸಿರು ಕಂಬದ ಕೆಳಗೆ, ಬರಿಯ ಕಾಂಡಕ್ಕೆ ಅಂಟಿಕೊಂಡಿರಬೇಕು. ನಮ್ಮ ಚಿತ್ರಕಾರನು ಅಡಿಕೆಯ ಮೈಗೆ ತೆಂಗಿನ ತಲೆಯನ್ನು ಜೋಡಿಸಿದ್ದನು. ಅವನು ಪ್ರತಿಯ ಪ್ರತಿಯನ್ನು ನೋಡಿ ಬರೆದವನು, ಮರವನ್ನು ಕಂಡವನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವನನ್ನು ಹಳಿಯುವ ಮೊದಲು ನಮ್ಮನ್ನೇ ನೋಡಿಕೊಳ್ಳೋಣ. ಲೋಧಿ ಉದ್ಯಾನದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಬೂದುಬಿಳುಪಿನ ಎತ್ತರದ ಮರಗಳನ್ನು ತೋರಿಸಿ ‘ನೋಡು, ಅಡಿಕೆ ಮರ’ ಎಂದು ಹೇಳದ ಕನ್ನಡಿಗರು ಎಷ್ಟು ಮಂದಿ? ಅವು ಅಡಿಕೆಯಲ್ಲ; ಕ್ಯೂಬಾ ದ್ವೀಪದ ಕಡೆಯಿಂದ ಬಂದ ರಾಜತಾಳೆಗಳು. ಅವಕ್ಕೂ ಹಸಿರು ಕಂಬವಿದೆ, ಹೂಗೊಂಚಲು ಅದರ ಕೆಳಗೇ ಬರುತ್ತದೆ. ಭ್ರಮೆಗೆ ಕಾರಣ ಇದೇ. ಆದರೆ ಕಾಂಡವು ಸಿಮೆಂಟಿನ ಕಂಬದಂತೆ ದಪ್ಪ, ಅಲ್ಲಲ್ಲಿ ಉಬ್ಬು. ಅಡಿಕೆಯಾದರೋ ಎರಡು ಅಂಗೈಗಳ ನಡುವೆ ಹಿಡಿಯಬಹುದಾದಷ್ಟು ತೆಳು. ದೆಹಲಿಯ ಒಣಬೇಸಗೆಯನ್ನೂ ಕೊರೆಯುವ ಚಳಿಯನ್ನೂ ತಾಳಿಕೊಂಡು ಬಯಲಿನಲ್ಲಿ ಬದುಕುವ ಮರವಲ್ಲ. ಇಲ್ಲಿನ ನರ್ಸರಿಗಳಲ್ಲಿ ‘ಅರೇಕಾ ಪಾಮ್’ ಎಂದು ಕುಂಡದಲ್ಲಿ ಮಾರುವ ಗಿಡವೂ ಅಡಿಕೆಯಲ್ಲ; ಅದು ಮಡಗಾಸ್ಕರದ ಮತ್ತೊಂದು ತಾಳೆ. ಅದನ್ನು ಕೋಣೆಯಲ್ಲಿಟ್ಟರೆ ಗಾಳಿ ಶುದ್ಧವಾಗುತ್ತದೆಂಬ ನಂಬಿಕೆಯಿಂದ ಅನೇಕರು ಕೊಳ್ಳುತ್ತಾರೆ. ಮುಚ್ಚಿದ ಪೆಟ್ಟಿಗೆಯೊಳಗಿನ ಪ್ರಯೋಗಗಳಿಂದ ಹುಟ್ಟಿದ ನಂಬಿಕೆ ಇದು. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕಹಾಕಿ ನೋಡಿದಾಗ, ಸಾಮಾನ್ಯ ಕಟ್ಟಡದಲ್ಲಿ ಗಾಳಿಯ ಸಹಜ ಓಡಾಟ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಚದರ ಮೀಟರಿಗೆ ಕಡಮೆಯೆಂದರೂ ಹತ್ತು ಗಿಡಗಳು ಬೇಕೆಂದು ತಿಳಿದುಬಂತು. ಗಿಡಗಳ ನಡುವೆ ಮಂಚ ಹಾಕಲು ಸ್ಥಳವಿರುವುದಿಲ್ಲ. ಗಿಡವನ್ನು ಅಂದಕ್ಕೆ ಇಟ್ಟುಕೊಳ್ಳೋಣ. ನವೆಂಬರಿನ ಹೊಗೆಗೆ ಅದು ಮದ್ದಲ್ಲ.

ಇನ್ನು ಈ ಚಿತ್ರಗಳ ಮೂಲಕ್ಕೆ ಬರೋಣ. ಬೇರೆ ಸಸ್ಯಗಳಿಗಿಂತ ತಾಳಜಾತಿಯ ಮರಗಳಿಗೆ ಚಿತ್ರದ ಅಗತ್ಯ ಹೆಚ್ಚು. ತುಂಬೆಯನ್ನೋ ಗರಿಕೆಯನ್ನೋ ಬೇರುಸಹಿತ ಕಿತ್ತು, ಒಣಗಿಸಿ, ಒಂದು ಹಾಳೆ ಕಾಗದಕ್ಕೆ ಅಂಟಿಸಿ ನೂರಾರು ವರ್ಷ ಕಾಪಾಡಬಹುದು. ತೆಂಗಿನ ಒಂದೇ ಎಲೆ ನಾಲ್ಕೈದು ಮೀಟರು ಉದ್ದ. ಅದನ್ನು ಅಂಟಿಸುವ ಕಾಗದ ಯಾವುದು? ನಮ್ಮ ಓಲೆಗರಿಗಳಿಗೆ ಎಲೆ ಕೊಟ್ಟ ಶ್ರೀತಾಳೆಯು ಬಾಳಿನಲ್ಲಿ ಒಂದೇ ಸಲ, ಮೂವತ್ತರಿಂದ ಎಂಬತ್ತು ವರ್ಷಗಳ ನಡುವೆ ಎಂದೋ, ನೆತ್ತಿಯ ಮೇಲೆ ಮನೆಯಷ್ಟು ಎತ್ತರದ ಹೂಗೊಂಚಲನ್ನು ಬಿಟ್ಟು, ಕಾಯಿ ಮಾಗಿದೊಡನೆ ಸಾಯುತ್ತದೆ. ಅದನ್ನು ಕಂಡ ಸಸ್ಯಶಾಸ್ತ್ರಜ್ಞನು ಇತರರಿಗೆ ತೋರಿಸುವುದು ಹೇಗೆ? ಬರೆದೇ ತೋರಿಸಬೇಕು. ಪುಟದ ಒಂದು ಮೂಲೆಯಲ್ಲಿ ಇಡೀ ಮರ, ಮತ್ತೊಂದೆಡೆ ಎಲೆಯ ತುಂಡು, ಸೀಳಿದ ಕಾಯಿ, ಹಿಗ್ಗಿಸಿದ ಹೂ, ಹೀಗೆ ಬೇರೆ ಬೇರೆ ಕಾಲದ ಸಂಗತಿಗಳನ್ನು ಒಂದೇ ನೋಟಕ್ಕೆ ಒದಗಿಸುವ ಶಕ್ತಿ ಛಾಯಾಚಿತ್ರಕ್ಕಿಲ್ಲ.

ಇಂಥ ಚಿತ್ರಗಳಲ್ಲಿ ನಮ್ಮ ನಾಡಿಗೆ ಹತ್ತಿರವಾದದ್ದು ‘ಹೋರ್ಟಸ್ ಮಲಬಾರಿಕಸ್’. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ಸಿದ್ಧಪಡಿಸಿದ ಈ ಗ್ರಂಥ ಆಮ್‌ಸ್ಟರ್‌ಡಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಯಿತು. ಸಸ್ಯಗಳ ಗುಣಗಳನ್ನು ತಿಳಿಸಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಮುಖ್ಯರು. ಮೂವರೂ ಕೊಂಕಣಿಯಲ್ಲಿ ಬರೆದುಕೊಟ್ಟ 1675ರ ಪ್ರಮಾಣಪತ್ರವು ನಾಗರಿ ಲಿಪಿಯಲ್ಲಿ ಮೊದಲ ಸಂಪುಟದಲ್ಲಿಯೇ ಇದೆ. ಆ ಸಂಪುಟದ ಮೊದಲ ಮರ ತೆಂಗು; ಅನಂತರ ಅಡಿಕೆ, ತಾಳೆ, ಬೈನೆ. ಫಲಕಗಳ ಮೇಲೆ ಸ್ಥಳೀಯ ಹೆಸರುಗಳನ್ನು ಸ್ಥಳೀಯ ಲಿಪಿಗಳಲ್ಲಿಯೇ ಕೊರೆದಿದ್ದಾರೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳಿಗೆಲ್ಲ ಜೋಡುಹೆಸರು ಇಟ್ಟಾಗ, ಭಾರತದ ತಾಳಗಳ ವಿಷಯದಲ್ಲಿ ಅವನಿಗೆ ಆಧಾರವಾದದ್ದು ಬಹುಮಟ್ಟಿಗೆ ಈ ಫಲಕಗಳೇ. ಅವನು ಭಾರತಕ್ಕೆ ಕಾಲಿಟ್ಟವನಲ್ಲ. ‘ಅರೇಕಾ’ ಎಂಬ ಹೆಸರಾದರೂ ನಮ್ಮ ‘ಅಡಕೆ’ಯ ಬಂಧುವಾದ ಮಲಯಾಳದ ಮಾತೊಂದು ಪೋರ್ಚುಗೀಸರ ನಾಲಗೆಯ ಮೇಲೆ ಹಾದುಹೋಗಿ ಪಡೆದ ರೂಪ.

ಆ ಫಲಕಗಳು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದವು. ಗೆರೆಗಳು ಮಾತ್ರ ಉಂಟು, ಬಣ್ಣವಿಲ್ಲ. ಇಂದು ಅಂಗಡಿಗಳಲ್ಲಿ ದೊರೆಯುವ ಬಣ್ಣದ ‘ಮಲಬಾರಿಕಸ್’ ಪ್ರತಿಗಳ ಬಣ್ಣವೆಲ್ಲ ಪ್ರತಿಕಾರನ ಸ್ವಂತದ್ದು ಎಂಬುದನ್ನು ಕೊಳ್ಳುವವರು ನೆನಪಿಡಬೇಕು. ಅಡಿಕೆಯ ಹಣ್ಣನ್ನು ಕಂಡವನು ಅದನ್ನು ಕಿತ್ತಳೆಕೆಂಪಾಗಿ ಬರೆಯುತ್ತಾನೆ. ಪಾನಿನ ಅಂಗಡಿಯ ಕತ್ತರಿಸಿದ ಅಡಿಕೆಯನ್ನಷ್ಟೇ ಕಂಡವನು ಗೊನೆಗೆಲ್ಲ ಕಂದುಬಣ್ಣ ಬಳಿಯುತ್ತಾನೆ.

ಕೈಯಿಂದ ಪ್ರತಿ ಮಾಡುವುದು ಇಂದಿನ ಅಲಂಕಾರದ ಚಾಳಿಯಲ್ಲ, ಆ ವಿದ್ಯೆಯ ಹುಟ್ಟುಗುಣ. ವಿಲಿಯಂ ರಾಕ್ಸ್‌ಬರ್ಗ್ ಎಂಬ ಸ್ಕಾಟಿಷ್ ವೈದ್ಯನು ಮೊದಲು ಆಂಧ್ರದ ಕರಾವಳಿಯಲ್ಲಿ, 1793ರಿಂದ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಭಾರತೀಯ ಚಿತ್ರಕಾರರಿಂದ ಎರಡೂವರೆ ಸಾವಿರಕ್ಕೂ ಮಿಕ್ಕು ಚಿತ್ರಗಳನ್ನು ಬರೆಯಿಸಿದನು. ಒಂದು ಕಟ್ಟು ಕಲ್ಕತ್ತೆಯಲ್ಲಿ ಉಳಿಯಿತು. ಇನ್ನೊಂದು ಕಟ್ಟು, ಕೈಯಿಂದಲೇ ಬರೆದದ್ದು, ಲಂಡನ್ನಿಗೆ ಹೋಗಿ ಈಗ ಕ್ಯೂ ಉದ್ಯಾನದಲ್ಲಿದೆ. 1795ರಿಂದ ಅಚ್ಚಾದ ಅವನ ಕೋರಮಂಡಲ ಗ್ರಂಥದ ಮುನ್ನೂರು ಫಲಕಗಳಲ್ಲಿ ತಾಳೆಯೂ ಇದೆ, ಈಚಲಿನ ಬಂಧುವೂ ಇದೆ. ಗೆರೆಗಳು ಅಚ್ಚಾದ ಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ ಹಾಕಿದ್ದರಿಂದ ಒಂದೇ ಗ್ರಂಥದ ಎರಡು ಪ್ರತಿಗಳ ಹಸಿರು ಒಂದೇ ಆಗಿರುವುದಿಲ್ಲ. ಬರೆದ ಕೈಗಳ ಹೆಸರನ್ನು ಗ್ರಂಥ ಹೇಳುವುದಿಲ್ಲ. ಆ ಕಾಲದ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು ಎಂದು ನನ್ನ ಅಭಿಪ್ರಾಯ.

ನಮ್ಮ ಶಿವಮೊಗ್ಗೆಯಲ್ಲಿಯೂ ಇಂಥದೊಂದು ಪ್ರಸಂಗ ನಡೆಯಿತು. 1840ರ ದಶಕದ ನಡುವಿನ ವರ್ಷಗಳಲ್ಲಿ ಅಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನನು ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ವ್ರತ ಹಿಡಿದು, ಮರಾಠಿ ಚಿತ್ರಕಾರನೊಬ್ಬನನ್ನು ನೇಮಿಸಿಕೊಂಡು ಅವುಗಳ ಚಿತ್ರ ಬರೆಯಿಸಿದನು. ಮುಂದೆ ಮದರಾಸಿನಲ್ಲಿ ಅವನ ಸಂಗ್ರಹ ಬೆಳೆಯಿತು. ಎಡಿನ್‌ಬರೋ ಸಸ್ಯೋದ್ಯಾನದಲ್ಲಿರುವ ಆ ಸಂಗ್ರಹದಲ್ಲಿ ಗಿಡವನ್ನೇ ನೋಡಿ ಬರೆದ ಚಿತ್ರಗಳ ಜೊತೆಗೆ, ಯೂರೋಪಿನ ಗ್ರಂಥಗಳ ಫಲಕಗಳನ್ನು ನೋಡಿ ಭಾರತೀಯರು ಬರೆದ ಪ್ರತಿಗಳೂ ಇವೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಚೆಲುವಯ್ಯರಾಜು ಎಂಬ ಚಿತ್ರಕಾರರು ಉದ್ಯಾನದ ಗಿಡಮರಗಳನ್ನು ಅತಿಸೂಕ್ಷ್ಮವಾಗಿ ಬರೆದಿಟ್ಟರು. ಇಲ್ಲಿಯಾದರೂ ಹೆಸರು ಉಳಿದಿದೆಯಲ್ಲ ಎಂದು ಸಮಾಧಾನ. ಕನ್ನಡ ವಾಚಕರಿಗೆ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗೊತ್ತೇ ಇದೆ. ಅದರ ರೇಖಾಚಿತ್ರಗಳು ಅವರ ಕೈಯವೇ. ಕಾಡು ಸುತ್ತಿದವನ ಗೆರೆಗೂ ಕುರ್ಚಿಯಲ್ಲಿ ಕುಳಿತವನ ಗೆರೆಗೂ ಇರುವ ಅಂತರವನ್ನು ಅಲ್ಲಿ ನೋಡಬಹುದು.

ಪ್ರತಿಯ ವಿಷಯದಲ್ಲಿ ಕನ್ನಡಿಗರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಶಾಲೆಯಲ್ಲಿ ಓದಿದವರು ನಾವು. ಆ ಪ್ರತಿಗಳೆಲ್ಲ ತಾಳೆಯ ಗರಿಗಳ ಮೇಲೆಯೇ ಆದವು. ಓಲೆಯಿಂದ ಓಲೆಗೆ ಬರೆಯುವಾಗ ಲಿಪಿಕಾರನು ಒಂದಕ್ಷರ ಬಿಟ್ಟರೆ, ಅರ್ಥವಾಗದ ಮಾತನ್ನು ತನಗೆ ಗೊತ್ತಿರುವ ಮಾತಾಗಿ ತಿದ್ದಿದರೆ, ಪಾಠಾಂತರ ಹುಟ್ಟುತ್ತದೆ. ಚಿತ್ರದಲ್ಲಿಯೂ ಹಾಗೆಯೇ. ಮೊದಲ ಪ್ರತಿಕಾರನು ಗೊನೆಯ ತೊಟ್ಟನ್ನು ಸ್ವಲ್ಪ ಮೇಲಕ್ಕೆ ಬರೆಯುತ್ತಾನೆ; ಎರಡನೆಯವನಿಗೆ ಅದು ಎಲೆಯ ಬುಡದಂತೆ ಕಾಣುತ್ತದೆ; ಮೂರನೆಯವನು ತನಗೆ ಪರಿಚಿತವಾದ ತೆಂಗನ್ನು ನೆನೆದು ಗೊನೆಯನ್ನು ಎಲೆಗಳ ನಡುವೆ ಕೂರಿಸುತ್ತಾನೆ. ಬೈನೆಯ ಚಿತ್ರದಲ್ಲಿ ಈ ಅನಾಹುತ ಇನ್ನೂ ಹೆಚ್ಚು. ಅದರ ಎಲೆ ಎರಡು ಸಲ ಕವಲೊಡೆದು ಮೀನಿನ ಬಾಲದಂಥ ಕಿರುಎಲೆಗಳಲ್ಲಿ ಮುಗಿಯುತ್ತದೆ. ಹೂಗೊಂಚಲುಗಳು ಮರದ ತುದಿಯಲ್ಲಿ ಮೊದಲಾಗಿ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತವೆ. ತೀರ ಕೆಳಗಿನ ಗೊನೆ ಮಾಗಿದರೆ ಮರದ ಆಯುಸ್ಸು ತೀರಿತು. ತಿಳಿಯದ ಪ್ರತಿಕಾರನು ಕೆಳಗೆ ಎಳೆಯ ಹೂವಿನ ಬದಲು ಮಾಗಿದ ಹಣ್ಣನ್ನೂ ಮೇಲೆ ಮೊಗ್ಗನ್ನೂ ಬರೆದು ಮರದ ಜಾತಕವನ್ನೇ ತಲೆಕೆಳಗು ಮಾಡಿಬಿಡುತ್ತಾನೆ. ತಾಳೆಯಲ್ಲಿ ಗಂಡು ಹೆಣ್ಣು ಮರಗಳು ಬೇರೆ ಬೇರೆ. ಒಂದೇ ಮರಕ್ಕೆ ಹೂಗೊಂಚಲನ್ನೂ ತಾಟಿನಿಂಗನ್ನೂ ತೊಡಿಸಿದ ಪ್ರತಿಯನ್ನು ನಾನೇ ಕಂಡಿದ್ದೇನೆ.

ಬಣ್ಣದ ವಿಷಯಕ್ಕೆ ಬಂದರೆ ಅದು ಆರೋಗ್ಯದ ವಿಷಯವೂ ಹೌದು. ಪೊರೆ ತೆಗೆದ ಮೇಲೆ ತಾಯಿಯವರು ಹೇಳಿದ ಎರಡನೆಯ ಮಾತು, ‘ಎಲೆ ಇಷ್ಟು ನೀಲಿಯೇ?’ ಎಂದು. ಕಣ್ಣಿನ ಮಸೂರವು ವಯಸ್ಸಾದಂತೆ ಹಳದಿಗೆ ತಿರುಗಿ ನೀಲಿಯ ಕಿರಣಗಳನ್ನು ತಡೆಯುತ್ತದೆ. ಅದನ್ನು ತೆಗೆದು ತಿಳಿಯಾದ ಕೃತಕ ಮಸೂರವನ್ನು ಕೂರಿಸಿದಾಗ ಲೋಕವೆಲ್ಲ ಕೆಲವು ದಿನ ನೀಲಿಯಾಗಿ ತೋರುವುದು ಸಹಜ, ಗಾಬರಿ ಬೇಡ. ಫ್ರಾನ್ಸಿನ ಚಿತ್ರಕಾರ ಮೊನೆ 1923ರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಇದೇ ದೂರು ಹೇಳಿದ್ದನು. ಆದರೆ ನಮ್ಮ ಚಿತ್ರದ ಎಲೆಗಳು ನಿಜವಾಗಿಯೂ ತುಸು ನೀಲಿಯೇ ಆಗಿದ್ದವು. ಹಳೆಯ ಚಿತ್ರಕಾರರು ಹಸಿರನ್ನು ಹೆಚ್ಚಾಗಿ ಹಳದಿ ನೀಲಿಗಳನ್ನು ಬೆರೆಸಿ ಪಡೆಯುತ್ತಿದ್ದರು. ಮುರುಗಲು, ಉಪ್ಪಾಗೆಗಳ ಕುಲದ ಕೆಲವು ಮರಗಳ ಹಾಲಿನಿಂದ ಬರುವ ಹಳದಿ ಅವರಿಗೆ ಪ್ರಿಯ. ಆ ಬಗೆಯ ಹಳದಿಗಳು ಬೆಳಕಿಗೆ ಮಾಸುತ್ತವೆ, ನೀಲಿ ಉಳಿಯುತ್ತದೆ; ಹಳೆಯ ಹಾಳೆಯ ಎಲೆಗಳು ನೀಲಿಗಟ್ಟುತ್ತವೆ. ಅಂಥ ಹಾಳೆಯನ್ನು ನೋಡಿ ನಿಷ್ಠೆಯಿಂದ ಪ್ರತಿಮಾಡಿದವನು ಮರದ ಬಣ್ಣವನ್ನಲ್ಲ, ಮುಪ್ಪಿನ ಬಣ್ಣವನ್ನು ಬರೆದಂತಾಯಿತು.

ಆ ಹಳದಿ ಹಾಲು ಹೊಟ್ಟೆಗೆ ಹೋದರೆ ಉಗ್ರವಾದ ಭೇದಿಮದ್ದು. ಹರಿತಾಳವೆಂಬ ಹಳದಿ ಪಾಷಾಣದ್ದು, ಇಂಗಳೀಕವೆಂಬ ಕೆಂಪು ಪಾದರಸದ್ದು, ಸಫೇದ ಸೀಸದ್ದು. 1814ರಲ್ಲಿ ಯೂರೋಪಿನ ಪೇಟೆಗೆ ಬಂದ ಪಚ್ಚೆಹಸಿರು ತಾಮ್ರ ಮತ್ತು ಪಾಷಾಣಗಳ ಕೂಟ; ಅನಂತರ ಕೀಟನಾಶಕವಾಗಿಯೂ ಬಳಕೆಗೆ ಬಂತೆಂದರೆ ಅದರ ಗುಣ ತಿಳಿಯುತ್ತದೆ. ಸಣ್ಣ ಕುಂಚದ ತುದಿಯನ್ನು ಚೂಪು ಮಾಡಲು ತುಟಿಗಳ ನಡುವೆ ಎಳೆಯುವುದು ಚಿತ್ರಕಾರರ ಹಳೆಯ ಅಭ್ಯಾಸ. ಇದೇ ಅಭ್ಯಾಸದಿಂದ 1920ರ ದಶಕದಲ್ಲಿ ಅಮೆರಿಕದಲ್ಲಿ ಗಡಿಯಾರದ ಮುಖಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ದವಡೆ ಕೊಳೆತು ಸತ್ತರು. ಇಂದಿನ ಬಣ್ಣಗಳು ಬಹುಮಟ್ಟಿಗೆ ನಿರಪಾಯಕಾರಿ. ಆದರೂ ಕ್ಯಾಡ್ಮಿಯಂ, ಕೋಬಾಲ್ಟ್‌ಗಳಿಂದಾದವು ಕಲಾವಿದರ ಪೆಟ್ಟಿಗೆಯಲ್ಲಿ ಈಗಲೂ ಇವೆ. ಮನೆಯಲ್ಲಿ ಚಿತ್ರ ಬರೆಯುವ ಸೋದರಿಯರೂ ಮಕ್ಕಳೂ ಕುಂಚವನ್ನು ಬಾಯಿಗೆ ಒಯ್ಯಬಾರದು, ಬಣ್ಣದ ನೀರಿನ ಲೋಟವನ್ನು ಕಾಫಿಯ ಲೋಟದ ಪಕ್ಕ ಇಡಬಾರದು. ಚಿತ್ರ ಬರೆದು ಎದ್ದವರು ಕೈ ತೊಳೆಯದೆ ಊಟಕ್ಕೆ ಕೂರಬಾರದು. ತುದಿಯನ್ನು ಒದ್ದೆಬಟ್ಟೆಯ ಮೇಲೆ ಹೊರಳಿಸಿದರೂ ಅಷ್ಟೇ ಚೂಪಾಗುತ್ತದೆ. ಮಾತು ಬಂದಿತೆಂದು ಇನ್ನೊಂದನ್ನೂ ಹೇಳಿಬಿಡುತ್ತೇನೆ: ಹೊಗೆಸೊಪ್ಪು ಸೇರಿಸದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಅಡಿಕೆತೋಟದ ಋಣದಲ್ಲಿ ಓದಿದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ತಾಯಿಯವರು ಕವಳ ಬಿಟ್ಟು ಆರು ವರ್ಷವಾಯಿತು.

ಕೈಪ್ರತಿಯೆಂದು ಹೇಳಿ ಯಂತ್ರದ ಮುದ್ರಣವನ್ನು ಮಾರುವವರೂ ಉಂಟು. ಪರೀಕ್ಷೆ ಸುಲಭ: ಭೂತಗನ್ನಡಿಯಲ್ಲಿ ನೋಡಿದರೆ ಮುದ್ರಣದಲ್ಲಿ ಬಣ್ಣಬಣ್ಣದ ಚುಕ್ಕೆಗಳು ಕಾಣುತ್ತವೆ, ಕೈಯ ಕೆಲಸದಲ್ಲಿ ಚುಕ್ಕೆಗಳಿಲ್ಲ, ನೀರುಬಣ್ಣ ಒಣಗಿದ ಅಂಚಿನಲ್ಲಿ ತೆಳುವಾದ ಗಾಢಗೆರೆ ಇರುತ್ತದೆ. ಕಾಗದಕ್ಕೆ ಚಹದ ನೀರು ಬಳಿದು ಹಳತಾಗಿಸಿದ್ದರೆ ಅದು ಅಂಚಿನ ಮಡಿಕೆಗಳಲ್ಲಿ ತಿಳಿಯುತ್ತದೆ. ಒಳ್ಳೆಯ ಪ್ರತಿಕಾರನು ಇದು ಪ್ರತಿಯೆಂದೂ ಮೂಲ ಯಾವ ಗ್ರಂಥದ್ದೆಂದೂ ಹಿಂಬದಿಯಲ್ಲಿ ಬರೆದಿರುತ್ತಾನೆ. ಮೂಲಗಳನ್ನು ನೋಡಲು ಈಗ ಕಲ್ಕತ್ತೆಗೋ ಲಂಡನ್ನಿಗೋ ಹೋಗಬೇಕಾಗಿಲ್ಲ. ‘ಹೋರ್ಟಸ್ ಮಲಬಾರಿಕಸ್’ ಗ್ರಂಥವೂ, ಬ್ರೆಜಿಲಿನಲ್ಲಿ ಅಲೆದು ಬಂದ ಮಾರ್ಟಿಯಸನು 1823ರಿಂದ ಪ್ರಕಟಿಸಿದ ತಾಳಗಳ ಮಹಾಗ್ರಂಥವೂ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡುವಂತಿವೆ.

ನಮ್ಮ ಚಿತ್ರವನ್ನು ಅಂಗಡಿಗೆ ಹಿಂತಿರುಗಿಸಲು ಹೊರಟಾಗ ತಾಯಿಯವರು ಬೇಡವೆಂದರು. ನನ್ನ ಮಗಳು ಕಳೆದ ಬೇಸಗೆ ರಜೆಯಲ್ಲಿ ಅಜ್ಜಿಯ ಮಂಚದ ಪಕ್ಕದಲ್ಲಿ ಕುಳಿತು ಹೊಸ ಪ್ರತಿಯೊಂದನ್ನು ಬರೆದಳು. ಅವಳು ಊರಿನ ತೋಟವನ್ನು ಕಂಡದ್ದು ಎರಡೇ ಸಲ. ‘ಇಲ್ಲಿ ಉಂಗುರ ಹತ್ತಿರ ಹತ್ತಿರ ಬರಲಿ, ಅದು ಮಳೆ ಕಡಮೆಯಾದ ವರ್ಷ’, ‘ಈ ಹಾಳೆ ನಾಳೆಯೋ ನಾಡಿದ್ದೋ ಬೀಳುವುದು, ಅಂಚು ಹಳದಿ ಮಾಡು’ ಎಂದು ಅಜ್ಜಿ ಹೇಳುತ್ತ ಹೋದರು. ನಾನು ಐವತ್ತು ವರ್ಷಗಳಲ್ಲಿ ಅವರ ಬಾಯಿಂದ ಕೇಳದಿದ್ದ ಮಾತುಗಳು ಆ ಒಂದು ತಿಂಗಳಲ್ಲಿ ಕೇಳಿಬಂದವು. ಈಗ ಎರಡು ಚಿತ್ರಗಳೂ ಒಂದರ ಪಕ್ಕದಲ್ಲೊಂದು ತೂಗುತ್ತಿವೆ. ಹೊಸದರಲ್ಲಿ ಗೊನೆ ತನ್ನ ಸ್ಥಾನದಲ್ಲಿದೆ, ಎಲೆ ಹಸಿರಾಗಿದೆ. ಹಣ್ಣಡಿಕೆಯ ಬಣ್ಣ ಮಾತ್ರ ಮೂರು ಸಲ ತಿದ್ದಿದರೂ ತಾಯಿಯವರಿಗೆ ಒಪ್ಪಿಗೆಯಾಗಿಲ್ಲ. ಮಾರ್ಗಶಿರದಲ್ಲಿ ಮಲೆನಾಡಿನ ಕಡೆಗೆ ಹೋಗಿಬರುವ ಸಂಘದ ಸದಸ್ಯರು ಯಾರಾದರೂ ಸಿಪ್ಪೆ ಸುಲಿಯದ ನಾಲ್ಕು ಹಣ್ಣುಗಳನ್ನು ತಂದುಕೊಟ್ಟರೆ ಉಪಕಾರವಾಗುತ್ತದೆ.